ಬ್ಲಡ್ ಕ್ಯಾನ್ಸರ್ ಟ್ರಯಲ್‌ಗೆ ಸೇರುವ ಮುಂಚೆ ಏನೇನು ನೋಡಬೇಕು?

ನಾನು ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಟ್ರಯಲ್ ಕೋಆರ್ಡಿನೇಟರ್. ಡಾಕ್ಟರು 'ಹೊಸ ಔಷಧಿಯ ಟ್ರಯಲ್ ಒಂದಿದೆ' ಅಂದ ಮೇಲೆ ಮನೆಯವರು ನನ್ನ ಮೇಜಿಗೆ ಬರ್ತಾರೆ. ಬಂದ ತಕ್ಷಣ 'ಸಹಿ ಎಲ್ಲಿ ಹಾಕ್ಬೇಕು ಮೇಡಂ?' ಅನ್ನುತ್ತಾರೆ. ನಾನು ಪೆನ್ನು ಕೊಡುವುದಿಲ್ಲ. ಕಾಗದ ಮನೆಗೆ ಒಯ್ಯಿರಿ, ಓದಿ, ಆಮೇಲೆ ಬನ್ನಿ ಅಂತೀನಿ.

ಮೈಲೋಫೈಬ್ರೋಸಿಸ್, ಹೇರಿ ಸೆಲ್ ಲ್ಯುಕೀಮಿಯಾದಂಥ ಅಪರೂಪದ ಬ್ಲಡ್ ಕ್ಯಾನ್ಸರ್‌ಗೆ ನಿಮ್ಮೂರಲ್ಲೇ ಟ್ರಯಲ್ ಸಿಗುವುದು ಕಷ್ಟ. ನೀವೇ ಹುಡುಕಬೇಕು. ಭಾರತದ ಔಷಧಿ ಟ್ರಯಲ್‌ಗಳು 2009ರ ಜೂನ್‌ನಿಂದ ಸಿಟಿಆರ್‌ಐ ಎಂಬ ಸರ್ಕಾರಿ ಜಾಲತಾಣದಲ್ಲಿ ನೋಂದಣಿ ಆಗಲೇಬೇಕು. ಬಯಾಪ್ಸಿ ರಿಪೋರ್ಟಿನಲ್ಲಿ ಕಾಯಿಲೆಯ ಹೆಸರು ಹೇಗಿದೆಯೋ ಹಾಗೇ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಸುಮ್ನೆ ಬ್ಲಡ್ ಕ್ಯಾನ್ಸರ್ ಅಂತ ಹಾಕಿದರೆ ರಾಶಿ ಬಂದು ಬೀಳುತ್ತೆ. ಯಾವ ಊರು, ಯಾವ ಆಸ್ಪತ್ರೆ, ಡಾಕ್ಟರ ಫೋನ್ ನಂಬರ್ ಎಲ್ಲ ಅಲ್ಲೇ ಇರುತ್ತೆ. ರೋಗಿಗಳನ್ನು ಇನ್ನೂ ಸೇರಿಸಿಕೊಳ್ಳುತ್ತಿದ್ದಾರಾ ಅನ್ನುವ ಮಾಹಿತಿ ಮಾತ್ರ ಹಳೇದಾಗಿರಬಹುದು, ಫೋನ್ ಮಾಡಿಯೇ ಕೇಳಿ. ಯಾರಾದರೂ ದುಡ್ಡು ಕೊಟ್ಟರೆ ಸೇರಿಸ್ತೀವಿ ಅಂದರೆ ಆ ಟ್ರಯಲ್‌ನ ಸಿಟಿಆರ್‌ಐ ನೋಂದಣಿ ನಂಬರ್ ಕೇಳಿ ನೋಡಿ.

ಟ್ರಯಲ್ ಎಷ್ಟನೇ ಹಂತದ್ದು (ಫೇಸ್) ಅನ್ನುವುದು ಮುಖ್ಯ. ಮೊದಲ ಹಂತದಲ್ಲಿ ಎಷ್ಟು ಡೋಸ್ ತಡೆದುಕೊಳ್ಳಬಹುದು ಅಂತ ನೋಡುತ್ತಾರೆ. ಮೂರನೇ ಹಂತದಲ್ಲಿ ಸಾಮಾನ್ಯವಾಗಿ ಈಗಿರುವ ಚಿಕಿತ್ಸೆಯ ಜೊತೆ ಹೋಲಿಸುತ್ತಾರೆ, ಅಂದರೆ ಕೆಲವರಿಗೆ ಹೊಸ ಔಷಧಿ ಸಿಗದೇ ಇರಬಹುದು. ಹಾಸನ ಕಡೆಯ ಅಜ್ಜಿಯೊಬ್ಬರು 'ನಂಗೆ ಬರೀ ಸಕ್ಕರೆ ಗುಳಿಗೆ ಕೊಟ್ರೆ?' ಅಂತ ಕೇಳಿದ್ದರು. ಎಂಥಾ ಒಳ್ಳೇ ಪ್ರಶ್ನೆ ಅಲ್ವಾ? ನೀವೂ ಕೇಳಿ: ಹೊಸ ಔಷಧಿ ಸಿಗದವರಿಗೆ ಏನು ಕೊಡ್ತೀರಿ?

ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲಿರಬೇಕು. ಕನ್ನಡದ್ದೇ ಕೇಳಿ, ಸಂಕೋಚ ಬೇಡ. ಓದಲು ಬಾರದಿದ್ದರೆ ಟ್ರಯಲ್‌ಗೆ ಸಂಬಂಧಪಡದ ಸಾಕ್ಷಿಯೊಬ್ಬರು ಜೊತೆಗಿರಬೇಕು. ಒಂದು ಪ್ರತಿ ನಿಮ್ಮ ಕೈಗೆ ಬರಲೇಬೇಕು. ಟ್ರಯಲ್‌ನಿಂದ ತೊಂದರೆಯಾದರೆ ಸರ್ಕಾರದ 2019ರ ಹೊಸ ಔಷಧಿ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳ ಪ್ರಕಾರ ಚಿಕಿತ್ಸೆ ಉಚಿತ, ಪರಿಹಾರವೂ ಉಂಟು. ಟ್ರಯಲ್‌ನಲ್ಲಿ ರೋಗಿಗಳ ಹಿತ ಕಾಯುವ ಎಥಿಕ್ಸ್ ಕಮಿಟಿಯ ಫೋನ್ ನಂಬರ್‌ಗೆ ಒಂದು ಗೆರೆ ಹಾಕಿಟ್ಟುಕೊಳ್ಳಿ. ಯಾವಾಗ ಬೇಕಾದರೂ ಬಿಟ್ಟು ಬರಬಹುದು. ಆದರೆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ, ಡಾಕ್ಟರಿಗೆ ಹೇಳಿ ನಿಲ್ಲಿಸಿ.

ಸಹಿ ಹಾಕಿದ ಮೇಲೂ ಸ್ಕ್ರೀನಿಂಗ್ ಇದೆ, ಅಂದರೆ ನೀವು ಈ ಟ್ರಯಲ್‌ಗೆ ಹೊಂದುತ್ತೀರಾ ಅಂತ ನೋಡುವ ಪರೀಕ್ಷೆಗಳು. ಪ್ಲೇಟ್‌ಲೆಟ್ ಕಮ್ಮಿ ಇದ್ದರೆ ವಾಪಸ್ ಕಳಿಸಬಹುದು. ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುವ ಪರೀಕ್ಷೆ ಮತ್ತೆ ಮಾಡಬೇಕಾಗಬಹುದು. ಎಷ್ಟು ಸಲ ಬರಬೇಕು, ಬಸ್ ಚಾರ್ಜು ಯಾರು ಕೊಡ್ತಾರೆ ಅಂತ ಮೊದಲೇ ಕೇಳಿ.

ಮನೇಲಿ ಕುಡಿಯುವ ಕಷಾಯ, ಲೇಹ್ಯ, ಬಿಪಿ ಮಾತ್ರೆ ಎಲ್ಲ ಚೀಲದಲ್ಲಿ ಹಾಕಿಕೊಂಡೇ ಬನ್ನಿ. ಎಷ್ಟೋ ಟ್ರಯಲ್ ಪತ್ರಗಳಲ್ಲಿ ಗ್ರೇಪ್‌ಫ್ರೂಟ್ (ದ್ರಾಕ್ಷಿಯಲ್ಲ, ಕಿತ್ತಳೆ ಜಾತಿಯ ದೊಡ್ಡ ಹಣ್ಣು) ತಿನ್ನಬಾರದು ಅಂತಿರುತ್ತೆ. ನಮ್ಮಲ್ಲಿ ಅದನ್ನು ಯಾರು ತಿಂತಾರೆ ಅಂತ ಬಿಟ್ಟುಬಿಡಬೇಡಿ. ದೇವನಹಳ್ಳಿಯ ಚಕ್ಕೋತ ಅದರ ಹತ್ತಿರದ ನೆಂಟ. ಅದೂ ಕೆಲವು ಔಷಧಿಗಳ ಪ್ರಮಾಣವನ್ನು ರಕ್ತದಲ್ಲಿ ಜಾಸ್ತಿ ಮಾಡುತ್ತೆ.

ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ: ಟ್ರಯಲ್ ಮುಗಿದ ಮೇಲೂ ಔಷಧಿ ಸಿಗುತ್ತಾ? ಗುಣ ಕಾಣಿಸಿ, ಬೇರೆ ಚಿಕಿತ್ಸೆ ಇಲ್ಲದಿದ್ದರೆ, ಡಾಕ್ಟರು ಶಿಫಾರಸು ಮಾಡಿ ಎಥಿಕ್ಸ್ ಕಮಿಟಿ ಒಪ್ಪಿದರೆ ಕಂಪನಿ ಉಚಿತವಾಗಿ ಮುಂದುವರಿಸಬೇಕು ಅಂತ ಅದೇ 2019ರ ನಿಯಮದಲ್ಲಿದೆ. ನಿಮ್ಮ ಟ್ರಯಲ್‌ನಲ್ಲಿ ಇದು ಹೇಗೆ ಅಂತ ಪತ್ರದಲ್ಲಿ ಬರೆದಿರುವ ಜಾಗವನ್ನು ತೋರಿಸಿ ಅನ್ನಿ.