ಅಡಿಕೆ ಸಿಪ್ಪೆ ತಿಂದು ಚೀಲ ಕಟ್ಟಿದ ಕೋಳಿಗಳನ್ನು ನಾನು ಉಳಿಸಿಕೊಂಡದ್ದು

ಕೋಳಿ ತಿಂದದ್ದು ಮೊದಲು ಸೇರುವುದು ಕುತ್ತಿಗೆಯ ಬುಡದಲ್ಲಿರುವ ಮೇವಿನ ಚೀಲಕ್ಕೆ. ಅದು ಕೆಳಗಿಳಿಯದೆ ಅಲ್ಲೇ ನಿಂತು ಚೀಲ ಕಟ್ಟಿದರೆ ಅದೇ ದಿನ ಕೊಯ್ದು ಪದಾರ್ಥ ಮಾಡಿಬಿಡುವುದೇ ಮದ್ದು ಎನ್ನುವವರು ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕ ಕಡೆ ಈಗಲೂ ಇದ್ದಾರೆ. ನಮ್ಮ ಮನೆಯಲ್ಲಿ ಅತ್ತೆಯದ್ದೂ ಅದೇ ಮಾತಾಗಿತ್ತು. "ಕೋಳಿಯ ಕುತ್ತಿಗೆ ತಿಕ್ಕಿಕೊಂಡು ಕೂತರೆ ತೋಟದ ಕೆಲಸ ಯಾರು ಮಾಡುದು?" ಎಂದು ಕೇಳುತ್ತಿದ್ದರು. ಅದೇ ಅತ್ತೆ ಈಗ ನೆರೆಕರೆಯವರನ್ನು "ಸೊಸೆಗೆ ಒಮ್ಮೆ ತೋರಿಸಿ" ಎಂದು ನನ್ನ ಹತ್ತಿರ ಕಳಿಸುತ್ತಾರೆ. ಕಳೆದೆರಡು ಮಳೆಗಾಲದಲ್ಲಿ ಚೀಲದ ತೊಂದರೆಯಿಂದ ನನ್ನ ಗೂಡಿನಲ್ಲಿ ಸತ್ತದ್ದು ಒಂದೋ ಎರಡೋ. ಅದಕ್ಕಿಂತ ಮುಂಚೆ ಒಂದೇ ವರ್ಷದಲ್ಲಿ ಹತ್ತು ಹನ್ನೆರಡು ಹೋಗಿದ್ದವು.

ನನ್ನಲ್ಲಿರುವುದು ಐವತ್ತರ ಆಸುಪಾಸು ಕೋಳಿ. ಅರ್ಧ ಊರ ಕೋಳಿ, ಉಳಿದದ್ದು ತೃಶೂರಿನ ಮಣ್ಣುತ್ತಿಯಲ್ಲಿ ಬೆಳೆಸಿದ ಗ್ರಾಮಶ್ರೀ ತಳಿ. ಹಗಲಿಡೀ ತೋಟದಲ್ಲಿ ಬಿಟ್ಟೇ ಸಾಕುವುದು. ಊರ ಮೊಟ್ಟೆಗೆ ಹತ್ತು ಹನ್ನೆರಡು ರೂಪಾಯಿ ಸಿಗುತ್ತದೆ, ಭೂತಕೋಲದ ಸಮಯದಲ್ಲಿ ಒಳ್ಳೆಯ ಹುಂಜಕ್ಕೆ ಕೇಳಿದ ದರ ಬರುತ್ತದೆ. ಮೊಟ್ಟೆಯಿಡುವ ಹೇಂಟೆ ಒಂದು ಹೋದರೆ ಅದರ ಮಾಂಸದ ದುಡ್ಡು ಮಾತ್ರ ಅಲ್ಲ, ಮುಂದಿನ ವರ್ಷದ ಮೊಟ್ಟೆಯೂ ಮರಿಯೂ ಹೋದ ಹಾಗೆ. ಆ ಕೆಟ್ಟ ವರ್ಷ ಒಟ್ಟು ಎಂಟು ಸಾವಿರದ ಹತ್ತಿರ ಕೈಬಿಟ್ಟಿತ್ತು.

ಚೀಲ ಎಲ್ಲಿದೆ, ಮುಟ್ಟಿದರೆ ಹೇಗಿರಬೇಕು ಎನ್ನುವುದು ಕೋಳಿ ಸಾಕುವವರಿಗೆ ಗೊತ್ತಿದೆ. ಆದರೆ ಎಲ್ಲರೂ ಮುಟ್ಟಿ ನೋಡುವುದು ಸಂಜೆ. ಸಂಜೆ ಎಲ್ಲ ಕೋಳಿಯ ಚೀಲವೂ ಉಬ್ಬಿಯೇ ಇರುತ್ತದೆ, ಅದರಲ್ಲಿ ಏನೂ ತಿಳಿಯುವುದಿಲ್ಲ. ನೋಡಬೇಕಾದದ್ದು ಬೆಳಗ್ಗೆ, ಗೂಡಿನ ಬಾಗಿಲು ತೆಗೆಯುವ ಮೊದಲು, ಒಂದು ಕಾಳೂ ಬೀಳದಿರುವಾಗ. ರಾತ್ರಿಯಿಡೀ ಅರಗಿ ಚೀಲ ಬರಿದಾಗಿರಬೇಕು. ಆಗಲೂ ಉಬ್ಬಿದ್ದರೆ ಆ ಕೋಳಿಯನ್ನು ಹೊರಗೆ ಬಿಡದೆ ಬೇರೆ ಬುಟ್ಟಿಯಲ್ಲಿಡುತ್ತೇನೆ. ನನ್ನ ಇಡೀ ವಿಧಾನದ ಅರ್ಧ ಭಾಗ ಇಷ್ಟೇ. ತಲೆಗೆ ಟಾರ್ಚ್ ಕಟ್ಟಿಕೊಂಡು ಮುಂಜಾನೆ ಹತ್ತು ನಿಮಿಷದಲ್ಲಿ ಅಷ್ಟೂ ಕೋಳಿ ಮುಟ್ಟಿ ಮುಗಿಸುತ್ತೇನೆ.

ಬೇರೆ ಇಟ್ಟ ಮೇಲೆ ಮೂರರಲ್ಲಿ ಯಾವುದೆಂದು ತೀರ್ಮಾನಿಸಬೇಕು. ಗಟ್ಟಿ ಮುದ್ದೆ ಕೈಗೆ ಸಿಕ್ಕಿದರೆ ಕಟ್ಟಿದ್ದು. ಮೆತ್ತಗೆ ನೀರು ತುಂಬಿಕೊಂಡಿದ್ದು, ಕೊಕ್ಕು ತೆರೆದಾಗ ಹಳಸಿದ ಕಳ್ಳಿನ ಹಾಗೆ ನಾತ ಬಂದರೆ ಹುಳಿತದ್ದು. ನಾತ ಇಲ್ಲ, ತಿನ್ನುತ್ತದೆ, ಆದರೆ ಚೀಲ ಎದೆಯಿಂದ ಕೆಳಗೆ ಜೋತಾಡುತ್ತದೆ ಎಂದರೆ ಸ್ನಾಯು ಸಡಿಲವಾಗಿ ಜೋತದ್ದು. ಕಟ್ಟಿದ್ದಕ್ಕೆ ಮಾಡುವುದನ್ನು ಹುಳಿತದ್ದಕ್ಕೆ ಮಾಡಿದರೆ ಕೋಳಿ ಸಾಯುತ್ತದೆ. ನಮ್ಮಲ್ಲಿ ಸಾಯುತ್ತಿದ್ದ ಕೋಳಿಗಳಲ್ಲಿ ಹೆಚ್ಚಿನವು ಹಾಗೆಯೇ ಸತ್ತದ್ದು ಎಂದು ನನಗೆ ಖಂಡಿತ ಅನಿಸುತ್ತದೆ.

ಎಲ್ಲರೂ ಮಾಡುವ ಒಂದು ಕೆಲಸವಿದೆ: ಕಾಲು ಹಿಡಿದು ತಲೆಕೆಳಗೆ ಮಾಡಿ ಚೀಲ ಹಿಂಡಿ ಕಕ್ಕಿಸುವುದು. ದಯವಿಟ್ಟು ಮಾಡಬೇಡಿ. ಕಕ್ಕಿದ ನೀರು ಶ್ವಾಸನಾಳಕ್ಕೆ ಹೋದರೆ ಕೋಳಿ ನಿಮ್ಮ ಕೈಯಲ್ಲೇ ಹೋಗುತ್ತದೆ. ಕೆಳಗಿನ ಮನೆಯ ಅಕ್ಕನ ಕಪ್ಪು ಹೇಂಟೆ, ಕಾವಿಗೆ ಕೂರುವುದರಲ್ಲಿ ಅದರಂಥದ್ದು ಇನ್ನೊಂದಿರಲಿಲ್ಲ, ಹಾಗೆಯೇ ಹೋಯಿತು.

ಇನ್ನೊಂದು, ಔಷಧಿ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ ಆ್ಯಂಟಿಬಯೋಟಿಕ್ ಪುಡಿ. ಒಂದು ಅಂಗಡಿಯವರು ಹೇಳಿದಂತೆ ವಾರದಷ್ಟು ದಿನ ನೀರಿಗೆ ಹಾಕಿ ಕುಡಿಸಿದೆವು. ಗಟ್ಟಿ ಇದ್ದ ಚೀಲಗಳು ಸಾಲಾಗಿ ಹುಳಿಯಲು ಶುರುವಾದವು. ಹುಳಿ ಬರುವುದು ಕ್ಯಾಂಡಿಡಾ ಎನ್ನುವ ಶಿಲೀಂಧ್ರದಿಂದ. ಅದನ್ನು ಹತೋಟಿಯಲ್ಲಿಡುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನೇ ಪುಡಿ ಕೊಂದರೆ ಶಿಲೀಂಧ್ರಕ್ಕೆ ಅಡ್ಡಿ ಯಾರು? ಆ ಪುಡಿಗೇ ಆರುನೂರು ಏಳುನೂರು ಖರ್ಚಾಯಿತು.

ಕಟ್ಟಿದ ಚೀಲಕ್ಕೆ ನಾನು ಮಾಡುವುದು ಹೀಗೆ. ಒಂದು ದಿನ ಮೇವು ಪೂರ್ತಿ ಬಂದ್, ನೀರು ಮಾತ್ರ. ಬೆಚ್ಚಗಿನ ತೆಂಗಿನೆಣ್ಣೆ 5 ಎಂ.ಎಲ್. ಆಸುಪಾಸು, ಸೂಜಿಯಿಲ್ಲದ ಸಿರಿಂಜಿನಲ್ಲಿ ಕೊಕ್ಕಿನ ಬದಿಯಿಂದ ಹನಿಹನಿಯಾಗಿ. ನಾಲಿಗೆಯ ಬುಡದಲ್ಲೇ ಶ್ವಾಸದ ತೂತಿದೆ, ನಡುವೆ ಪಿಚಕ್ಕೆಂದು ಒತ್ತಬಾರದು. ಧನುರ್ಮಾಸದ ಬೆಳಗ್ಗೆ ಎಣ್ಣೆ ಗಟ್ಟಿಯಾಗಿರುತ್ತದೆ, ಬಿಸಿನೀರಿನಲ್ಲಿಟ್ಟು ಕರಗಿಸಿಯೇ ಕೊಡಬೇಕು. ಆಮೇಲೆ ಸ್ವಲ್ಪ ಉಗುರು ಬೆಚ್ಚನೆ ನೀರು. ನಂತರ ಬೆರಳ ತುದಿಯಿಂದ ಮೆಲ್ಲಗೆ ಮುದ್ದೆಯನ್ನು ಬಿಡಿಸುತ್ತಾ ಐದು ನಿಮಿಷ ತಿಕ್ಕುವುದು, ದಿನಕ್ಕೆ ಮೂರು ನಾಲ್ಕು ಸಲ. ಬಲ ಹಾಕಬಾರದು, ಬಾಯಿಯ ಕಡೆಗೆ ನೂಕಲೇಬಾರದು. ಕೋಳಿ ಒದ್ದಾಡದ ಹಾಗೆ ಬೈರಾಸಿನಲ್ಲಿ (ಟವೆಲಿನಲ್ಲಿ) ಸುತ್ತುವ ಒಂದು ಕ್ರಮ ನನಗೆ ಕೈಗೂಡಿದೆ, ಅದನ್ನು ಎದುರು ಕೂತು ತೋರಿಸಿದರೆ ಮಾತ್ರ ಬರುತ್ತದೆ. ಎಣ್ಣೆಯ ಜೊತೆ ಒಂದು ಸೊಪ್ಪಿನ ರಸವನ್ನೂ ಸೇರಿಸಿ ನೋಡುತ್ತಿದ್ದೇನೆ, ಇನ್ನಷ್ಟು ಕೋಳಿಗಳಲ್ಲಿ ಫಲ ಕಾಣದೆ ಅದರ ಹೆಸರು ಹೇಳುವುದಿಲ್ಲ.

ಹೆಚ್ಚಿನವು ಎರಡನೇ ದಿನಕ್ಕೆ ಸಡಿಲವಾಗುತ್ತವೆ. ಸಡಿಲವಾದ ಮೇಲೆ ಬೇಯಿಸಿದ ಮೊಟ್ಟೆ, ನೆನೆಸಿದ ಫೀಡು ಸ್ವಲ್ಪ ಸ್ವಲ್ಪ. ಅಕ್ಕಿ ಕಾಳು ವಾರ ಕಳೆದ ಮೇಲೆ.

ಸಡಿಲವಾಗದ ಒಂದು ಗ್ರಾಮಶ್ರೀ ಹೇಂಟೆಯನ್ನು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸಿನಲ್ಲಿ ಮೃಗಾಸ್ಪತ್ರೆಗೆ ಒಯ್ದಾಗ ಅತ್ತೆ ಮಾತ್ರ ಅಲ್ಲ, ಬಸ್ಸಿನವರೂ ನಕ್ಕರು. ಡಾಕ್ಟರರು ನಗಲಿಲ್ಲ. ಜಾಗವನ್ನು ಮರಗಟ್ಟಿಸಿ, ಪುಕ್ಕ ಕಿತ್ತು, ಸಣ್ಣದಾಗಿ ಕೊಯ್ದು ಒಳಗಿನದ್ದನ್ನು ಚಿಮಟದಲ್ಲಿ ಎಳೆದರು. ಬಂದದ್ದು ಮುಷ್ಟಿ ತುಂಬ ಅಡಿಕೆ ಸಿಪ್ಪೆಯ ನಾರು, ನಡುವೆ ಗೋಣಿಯ ಪ್ಲಾಸ್ಟಿಕ್ ನೂಲು. ಚೀಲದ ಗೋಡೆಯನ್ನು ಬೇರೆ, ಚರ್ಮವನ್ನು ಬೇರೆ, ಎರಡು ಪದರದಲ್ಲಿ ಹೊಲಿದರು. ಮದ್ದು, ಬಸ್ಸು ಎಲ್ಲ ಸೇರಿ ಮುನ್ನೂರರ ಒಳಗೇ ಮುಗಿಯಿತು. ತಿಂಗಳು ಕಳೆದು ಸ್ವಲ್ಪ ದಿನಕ್ಕೆ ಅದು ಮೊಟ್ಟೆಯಿಡಲು ಶುರು ಮಾಡಿತು, ಈಗಲೂ ಇಡುತ್ತಿದೆ. ಮನೆಯಲ್ಲಿ ಬ್ಲೇಡು ಹಿಡಿದು ಇದನ್ನು ಮಾಡಲು ಹೋಗಬೇಡಿ. ಆ ಎರಡು ಪದರದ ಹೊಲಿಗೆ ತಪ್ಪಿದರೆ ತಿಂದದ್ದೆಲ್ಲ ಚರ್ಮದ ಕೆಳಗೆ ಸೋರುತ್ತದೆ.

ಆ ನಾರು ಕಂಡ ದಿನವೇ ನಮ್ಮ ಅಂಗಳದ ರೋಗ ಎಲ್ಲಿಂದ ಬರುತ್ತದೆಂದು ಹೊಳೆದದ್ದು. ಒಣಗಿಸಿದ ಚಾಲಿ ಅಡಿಕೆ ಸುಲಿದ ಮೇಲೆ ಸಿಪ್ಪೆಯ ರಾಶಿ ಹಟ್ಟಿಯ ಬದಿಯಲ್ಲಿರುತ್ತದೆ, ಹುಳ ಹುಡುಕುತ್ತಾ ಕೋಳಿಗಳು ಅದನ್ನೇ ಕೆದಕುತ್ತವೆ. ಸಾಲದ್ದಕ್ಕೆ ಗೂಡಿನ ನೆಲಕ್ಕೂ ನಾವು ಅದನ್ನೇ ಹಾಸುತ್ತಿದ್ದೆವು, ಊರಲ್ಲಿ ಎಲ್ಲರೂ ಹಾಸುತ್ತಾರೆ. ಈಗ ಸಿಪ್ಪೆಯ ರಾಶಿಗೆ ಹಳೆಯ ಬಲೆ ಮುಚ್ಚಿದ್ದೇನೆ, ಗೂಡಿಗೆ ಗುಡ್ಡೆಯ ತರಗೆಲೆ. ದನಕ್ಕೆ ಕೊಯ್ಯುವ ನೇಪಿಯರ್ ಹುಲ್ಲನ್ನು ಕೋಳಿಗೆ ಹಾಕುವುದಾದರೆ ಬೆರಳಗಲಕ್ಕಿಂತ ಸಣ್ಣಗೆ ಕೊಚ್ಚಿಯೇ ಹಾಕುತ್ತೇನೆ.

ಹಲ್ಲಿಲ್ಲದ ಕೋಳಿಗೆ ಮೇವು ಅರೆಯುವುದು ಅದು ನುಂಗಿ ಜಠರದಲ್ಲಿಟ್ಟುಕೊಳ್ಳುವ ಸಣ್ಣ ಕಲ್ಲುಗಳು, ಆ ಕಲ್ಲಿನ ವಿಷಯದಲ್ಲೂ ಪ್ರಯೋಗ ಮಾಡಿದೆ. ಕೆಂಪು ಮುರಕಲ್ಲಿನ ಪುಡಿ ನೀರು ತಾಗಿದರೆ ಮಣ್ಣಾಗುತ್ತದೆ, ಜಠರದಲ್ಲಿ ಅರೆಯಲು ಅದು ನಿಲ್ಲುವುದಿಲ್ಲ. ಕುಂಬಳೆಯಿಂದ ತರಿಸಿದ ಮರುವಾಯಿ (ಕಪ್ಪೆಚಿಪ್ಪು) ಮೊಟ್ಟೆಯ ಓಡಿಗೆ ಒಳ್ಳೆಯದು, ಆದರೆ ಹೊಟ್ಟೆಯಲ್ಲಿ ಕರಗಿಹೋಗುವುದರಿಂದ ಅರೆಯುವ ಕೆಲಸಕ್ಕಾಗದು. ಕಡೆಗೆ ಕೆಲಸ ಮಾಡಿದ್ದು ಕರಿಕಲ್ಲಿನ ಜಲ್ಲಿಪುಡಿ, ಜರಡಿಯಲ್ಲಿ ಧೂಳು ತೆಗೆದು ಒಂದು ಗೆರಟೆಯಲ್ಲಿ ಯಾವಾಗಲೂ ಇಟ್ಟಿರುವುದು. ಮನೆ ಕಟ್ಟುವ ಕಡೆ ಬಿದ್ದದ್ದು ಸಾಕು, ದುಡ್ಡಿಲ್ಲ. ಚೀಲ ಕಟ್ಟಿದ ಮೇಲೆ ಕಲ್ಲು ತಿನ್ನಿಸಿ ಪ್ರಯೋಜನವಿಲ್ಲ, ಅದು ಕೆಲಸ ಮಾಡುವುದು ಚೀಲ ದಾಟಿದ ಮೇಲೆ ಸಿಗುವ ಜಠರದಲ್ಲಿ.

ಹುಳಿತ ಚೀಲಕ್ಕೆ ಎಣ್ಣೆ ಕೊಡುವುದಿಲ್ಲ, ತಿಕ್ಕುವುದೂ ಇಲ್ಲ. ಅದಕ್ಕೆ ನಿಸ್ಟಾಟಿನ್. ಅದು ರಕ್ತಕ್ಕೆ ಸೇರುವ ಔಷಧಿ ಅಲ್ಲ, ಶಿಲೀಂಧ್ರಕ್ಕೆ ನೇರ ತಾಗಿದರೆ ಮಾತ್ರ ಕೆಲಸ. ಆದ್ದರಿಂದ ಮೇವಿಗೆ ಮೊದಲು, ಚೀಲ ಆದಷ್ಟು ಬರಿದಿರುವಾಗ ಕೊಡಬೇಕು. ಡೋಸನ್ನು ಡಾಕ್ಟರರು ಕೋಳಿಯ ತೂಕ ನೋಡಿ ಬರೆಯುತ್ತಾರೆ. ವಾರದವರೆಗೆ ಬಿಡದೆ ಕೊಡಬೇಕು, ಮೂರು ದಿನಕ್ಕೆ ಚುರುಕಾಯಿತೆಂದು ನಿಲ್ಲಿಸಿದರೆ ತಿರುಗಿ ಬರುತ್ತದೆ. ಆ ದಿನಗಳಲ್ಲಿ ಬೆಲ್ಲದ ನೀರು, ಅನ್ನ, ಹಣ್ಣು ಯಾವುದೂ ಬೇಡ, ಸಿಹಿ ಸಿಕ್ಕಿದಷ್ಟು ಶಿಲೀಂಧ್ರ ಹೆಚ್ಚುತ್ತದೆ. ಮೊಸರು ಕೊಟ್ಟು ನೋಡಿದೆ, ಗುಣ ಕಾಣಲಿಲ್ಲ.

ಮೈಲುತುತ್ತದ ಬಗ್ಗೆ ಬರೆಯಲೇಬೇಕು, ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ನಮ್ಮೆಲ್ಲರ ಮನೆಯಲ್ಲೂ ಅದು ಇದೆ. ಚೀಲ ಹುಳಿತರೆ ಹಳೆಯ ಕೋಳಿ ಸಾಕಣೆಯವರು ಅದನ್ನು 2000 ಪಾಲು ನೀರಿಗೆ 1 ಪಾಲು, ಅಂದರೆ ಲೀಟರಿಗೆ ಅರ್ಧ ಗ್ರಾಂ, ಕುಡಿಯಲು ಕೊಡುತ್ತಿದ್ದರು. ಲೆಕ್ಕ ಸರಿಯೇ. ಆದರೆ ನಮ್ಮ ತಕ್ಕಡಿಯಲ್ಲಿ ಅರ್ಧ ಗ್ರಾಂ ತೂಗಲಾಗುವುದಿಲ್ಲ, ಕಣ್ಣಂದಾಜಿನ ಚಿಟಿಕೆ ವಿಷವಾಗುತ್ತದೆ. ಅಳತೆ ಸರಿಯಿದ್ದಾಗಲೂ ನನ್ನ ಕೋಳಿಗಳು ಆ ನೀರು ಮುಟ್ಟದೆ ಬಾಯಾರಿ ಕೂತವು. ನಾನು ಅದನ್ನು ಬಿಟ್ಟೆ. ಬೋರ್ಡೋ ಹೊಡೆಯುವ ದಿನ ಬಿದ್ದ ಅಡಿಕೆ ಹಾಳೆಯಲ್ಲಿ ನಿಂತ ನೀಲಿ ನೀರು ಕುಡಿಯದ ಹಾಗೆ ಕೋಳಿಗಳನ್ನು ಗೂಡಿನಲ್ಲೇ ಇಡುತ್ತೇನೆ.

ಜೋತ ಚೀಲ ಪೂರ್ತಿ ವಾಸಿಯಾದದ್ದನ್ನು ನಾನು ನೋಡಿಲ್ಲ. ಬಟ್ಟೆಯ ಪಟ್ಟಿ ಕಟ್ಟಿ, ಮೇವನ್ನು ನಾಲ್ಕು ಪಾಲು ಮಾಡಿ ಕೊಟ್ಟರೆ ನಡೆಯುತ್ತದೆ. ಅಂಥದ್ದರ ಮೊಟ್ಟೆಯನ್ನು ಮಾತ್ರ ಕಾವಿಗಿಡುವುದಿಲ್ಲ.

ಎಷ್ಟು ಮಾಡಿದರೂ ಚೀಲ ಮತ್ತೆ ಮತ್ತೆ ನಿಂತರೆ ರೋಗ ಬೇರೆ ಕಡೆ ಇದೆ ಎಂದು ತಿಳಿಯಬೇಕು. ಹೊಟ್ಟೆಹುಳ, ಒಳಗೆ ಸಿಕ್ಕಿಕೊಂಡ ಮೊಟ್ಟೆ, ನರ ಹಿಡಿಯುವ ಮಾರೆಕ್ಸ್, ಎಲ್ಲದರಲ್ಲೂ ಚೀಲ ನಿಲ್ಲುತ್ತದೆ. ಹಸಿರು ಹಿಕ್ಕೆ ಹಾಕಿ ಕುತ್ತಿಗೆ ತಿರುಚಿದರೆ ಅದು ಕೊಕ್ಕರೆ ರೋಗ (ರಾಣಿಖೇತ್) ಇರಬಹುದು, ಆಗ ಚೀಲ ತಿಕ್ಕುತ್ತಾ ಹೊತ್ತು ಕಳೆಯದೆ ಉಳಿದ ಕೋಳಿಗಳಿಂದ ದೂರ ಮಾಡಿ. ಮರಿಗಳಿಗೆ ಮೊದಲ ವಾರದಲ್ಲೇ ಲಸೋಟ, ಎರಡು ತಿಂಗಳ ಹೊತ್ತಿಗೆ ಆರ್‌ಟುಬಿ ಎನ್ನುವ ಲಸಿಕೆಗಳನ್ನು ಹಾಕಿಸಿದ್ದರೆ ಆ ಸಂಶಯ ಮುಕ್ಕಾಲು ಭಾಗ ಕಳೆಯುತ್ತದೆ.

ಔಷಧಿಯಲ್ಲಿರುವ ಕೋಳಿಯ ಮೊಟ್ಟೆಯನ್ನು ನಾನು ಮಾರುವುದಿಲ್ಲ, ಮನೆಗೂ ಬಳಸುವುದಿಲ್ಲ. ಎಷ್ಟು ದಿನ ಬಿಡಬೇಕೆಂದು ಔಷಧಿ ಬರೆಸುವಾಗಲೇ ಡಾಕ್ಟರರನ್ನು ಕೇಳಿ ಚೀಟಿಯ ಹಿಂದೆ ಕನ್ನಡದಲ್ಲಿ ಬರೆದಿಟ್ಟುಕೊಳ್ಳಿ, ಬಾಟಲಿಯ ಮೇಲಿನ ಸಣ್ಣ ಅಕ್ಷರ ಓದಿ ಕೂರುವುದಕ್ಕಿಂತ ಅದು ಸುಲಭ.