ಕರಪತ್ರ ಬಿಟ್ಟು ಕಿವಿ ಕೊಟ್ಟೆ

"ಬರೀ ಕೇಳ್ತಾ ಕೂತ್ರೆ ಸುವಾರ್ತೆ ಯಾವಾಗ ಹೇಳ್ತೀರಿ, ಬ್ರದರ್?" ಮೂರು ವರ್ಷದ ಹಿಂದೆ ನಮ್ಮ ಸಭೆಯ (ಚರ್ಚಿನ) ಹಿರಿಯರೊಬ್ಬರು ಕೇಳಿದ್ದರು. ಈ ವರ್ಷ ಅವರೇ ಇಬ್ಬರು ಹುಡುಗರನ್ನು ನನ್ನ ಜೊತೆ ಪಾರ್ಕಿಗೆ, ಅಪರಿಚಿತರ ಮಾತು ಕೇಳೋದಕ್ಕೆ ಕಳಿಸಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ನಾನೂ ಕರಪತ್ರದವನೇ. ಐದು ಸಾವಿರ ಪ್ರತಿ, ಹೆಚ್ಚುಕಮ್ಮಿ 9,000 ರೂಪಾಯಿ, ಎಲ್ಲ ನನ್ನ ಸಂಬಳದ ದುಡ್ಡು. ಮೆಜೆಸ್ಟಿಕ್‌ನಲ್ಲಿ ನಿಂತು ಹಂಚಿದೆ. ಒಂದು ಫೋನೂ ಬರಲಿಲ್ಲ. ಯೇಸು ಸ್ವಾಮಿಯ ಹೆಸರಿನ ಮೇಲೆ ಚಪ್ಪಲಿ ಗುರುತು ನೋಡಿ ಕರುಳು ಚುರುಕ್ ಅಂದಿತು.

ಆ ವಾರವೇ ಬೈಬಲ್‌ನಲ್ಲಿ ಲೂಕನ ಸುವಾರ್ತೆಯ 24ನೇ ಅಧ್ಯಾಯ ಓದುತ್ತಿದ್ದೆ. ಶಿಲುಬೆಯ ಸಾವಿನಿಂದ ದುಃಖದಲ್ಲಿದ್ದ ಇಬ್ಬರು ಶಿಷ್ಯರು ಎಮ್ಮಾಹು ಅನ್ನೋ ಊರಿಗೆ ಹೋಗುವ ದಾರಿಯಲ್ಲಿ, ಮತ್ತೆ ಎದ್ದು ಬಂದ ಸ್ವಾಮಿ ಅವರನ್ನು ಮೊದಲು ಕೇಳಿದ್ದು, ಏನು ಮಾತಾಡಿಕೊಳ್ಳುತ್ತಿದ್ದೀರಿ ಅಂತ. ಎಲ್ಲ ಗೊತ್ತಿದ್ದೂ ಕೇಳಿದರು! ಆ ಇಬ್ಬರ ದುಃಖ ಪೂರ್ತಿ ಹೊರಬಂದ ಮೇಲೇ ಶಾಸ್ತ್ರ ಬಿಡಿಸಿದ್ದು. ಊರು ಹತ್ತಿರ ಬಂದಾಗ ಮುಂದೆ ಹೊರಟವರ ಹಾಗೆ ಕಂಡರು. ಆ ಇಬ್ಬರೇ ಬಲವಂತ ಮಾಡಿ ಉಳಿಸಿಕೊಂಡರು. ಅವರಾಗಿ ಕರೆಯುವ ತನಕ ಒಳಗೆ ಹೋಗಬಾರದು ಅಂತ ನನಗೆ ಅಲ್ಲೇ ಹೊಳೆದಿದ್ದು.

ಭಾನುವಾರ ಆರಾಧನೆ ಮುಗಿಸಿ ಕಬ್ಬನ್ ಪಾರ್ಕಿಗೆ ಹೋಗತೊಡಗಿದೆ. ಅವತ್ತು ಒಳಗೆ ಗಾಡಿ ಬಿಡಲ್ಲ, ಮೆಲ್ಲಗೆ ಆಡಿದ ಮಾತೂ ಕೇಳಿಸುತ್ತೆ. ಆರು ತಿಂಗಳು ಸೋತೆ. ಬಾಯಿ ಮುಚ್ಚಿದ್ದರೂ ಮನಸ್ಸು ಬೈಬಲ್ ವಾಕ್ಯ ಹುಡುಕುತ್ತಿತ್ತು. ಆಟೋ ಓಡಿಸುವ ಒಬ್ಬರು ಸತ್ತುಹೋದ ಮಗಳ ಬಗ್ಗೆ ಹೇಳುತ್ತಿದ್ದಾಗ ಮಧ್ಯೆ ಬಾಯಿ ಹಾಕಿ ರೋಮಾಪುರ 8:28 ಹೇಳಿಬಿಟ್ಟೆ. ಎಲ್ಲವೂ ಒಳ್ಳೆಯದಕ್ಕೇ ಅನ್ನೋ ಮಾತು, ಆ ಹೊತ್ತಲ್ಲಿ! ಅವರು ಎದ್ದು ಹೋದರು. ಆಮೇಲೆ ಎಷ್ಟೋ ಭಾನುವಾರ ಅದೇ ಬೆಂಚಲ್ಲಿ ಕಾದೆ, ಬರಲಿಲ್ಲ.

ನೋಟ್‌ಬುಕ್ಕಲ್ಲಿ ಬರೆದುಕೊಳ್ಳಲು ನೋಡಿದೆ. ಪೆನ್ನು ಕಂಡ ತಕ್ಷಣ ಜನ ಸುಮ್ಮನಾಗುತ್ತಾರೆ. ಮೆಟ್ರೋದಲ್ಲೂ ಪ್ರಯತ್ನಿಸಿದೆ. ಮಾತು ಬಿಸಿಯಾಗೋ ಹೊತ್ತಿಗೆ ಅವರ ಸ್ಟೇಷನ್ ಬಂದಿರುತ್ತೆ. ಕೆಲಸಕ್ಕೆ ಬಂದಿದ್ದು ಮನೆಯ ಫಿಲ್ಟರ್ ಕಾಫಿ ತುಂಬಿದ ಫ್ಲಾಸ್ಕು. ವಾರಕ್ಕೆ 60-70 ರೂಪಾಯಿ, ಅಷ್ಟೇ.

ಮೊದಲ ಮಾತು ಹೇಗೆ ಎತ್ತುತ್ತೇನೆ ಅನ್ನೋದನ್ನು ಇಲ್ಲಿ ಬರೆಯಲ್ಲ. ಬರೆದರೆ ಕಂಠಪಾಠ ಮಾಡಿ ಒಪ್ಪಿಸುತ್ತಾರೆ. ಬೇಕಾದರೆ ಒಂದು ಭಾನುವಾರ ಜೊತೆಗೆ ಬನ್ನಿ.

ಇಲ್ಲಿಯವರೆಗೆ ನಲವತ್ತು ಜನರ ಮಾತು ಕೇಳಿರಬಹುದು. ಏಳೆಂಟು ಜನ ತಾವಾಗಿಯೇ ಸ್ವಾಮಿಯ ಬಗ್ಗೆ ಕೇಳಿದರು, ಇಬ್ಬರು ಸಭೆಗೆ ಬರುತ್ತಾರೆ. ಉಳಿದವರ ಜೊತೆ ಈಗಲೂ ಕಾಫಿ ಇದ್ದೇ ಇದೆ. ರಾಯಚೂರು ಕಡೆಯ ಸೆಕ್ಯೂರಿಟಿ ಅಣ್ಣ ನಾಲ್ಕು ತಿಂಗಳು ಬರೀ ಸಾಲದ ಕಥೆ ಹೇಳಿದ್ದರು. ಒಂದು ದಿನ ಲೋಟ ಕೆಳಗಿಟ್ಟು ಕೇಳಿದರು, "ಇಷ್ಟು ಕೇಳ್ತೀರಲ್ರೀ, ನಿಮಗ ಯಾರು ಕಲಿಸ್ಯಾರ?"

ಎಮ್ಮಾಹು ದಾರಿಯ ಕಥೆ ಶುರು ಮಾಡಿದೆ.