ಕೋವಿಯ ಸೈಟಿಗೆ ಕೈ ಹಾಕುವ ಮೊದಲು ನಳಿಗೆ ನೋಡಿ

2024ರ ಜುಲೈಯಲ್ಲಿ, ಮಳೆ ಬಿಟ್ಟ ಒಂದು ಬೆಳಿಗ್ಗೆ, ಕ್ಲಬ್ಬಿನ ರೇಂಜಿಗೆ ಹೋಗಿ 50 ಮೀಟರಿಗೆ ಐದು ಈಡು ಹೊಡೆದೆ. ಯಾವಾಗಲೂ ಅಂಗೈಯಗಲದಲ್ಲಿ ಬೀಳುತ್ತಿದ್ದ ಗುಂಡುಗಳು ಮೊರದಗಲಕ್ಕೆ ಚದುರಿದ್ದವು. ಎಡಕ್ಕೊಂದು, ಕೆಳಗೆರಡು, ಒಂದಂತೂ ಕಾಗದದ ಅಂಚಿನಲ್ಲಿ.

ಕೋವಿ ಅಪ್ಪನ ಕಾಲದ್ದು, ಇಶಾಪುರದ ಕಾರ್ಖಾನೆಯ ಪಾಯಿಂಟ್ 315 ರೈಫಲ್. ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಕಾಡಿಗೆ ತಾಗಿ ನಮ್ಮ ಅಡಿಕೆ ತೋಟ. ಬೆಳೆ ರಕ್ಷಣೆಗೆಂದು ಸಿಕ್ಕ ಪರವಾನಗಿ ಈಗ ನನ್ನ ಹೆಸರಿನಲ್ಲಿದೆ. ಬೆಳೆ ಹಾಳು ಮಾಡುವ ಕಾಡುಹಂದಿಯನ್ನು ಹೊಡೆಯಲು ಅಪ್ಪಣೆ ಕೊಡುವ ಅಧಿಕಾರವನ್ನು ಕೇರಳ ಸರಕಾರ 2022ರಲ್ಲಿ ಸ್ಥಳೀಯಾಡಳಿತದ ಅಧ್ಯಕ್ಷರಿಗೆ ಕೊಟ್ಟಿತು. ಅಂದಿನಿಂದ ಪಂಚಾಯತಿನಿಂದ ನನಗೂ ಕರೆ ಬರುತ್ತದೆ. ಹಾಗಾಗಿ ಗುಂಡು ಚದುರಿದ ಆ ಗುರಿಕಾಗದ ನೋಡಿ ನನಗೆ ಹೆದರಿಕೆಯೇ ಆಯಿತು. ಅರೆಗಾಯದ ಹಂದಿ ಎಲ್ಲಿಗೆ ನುಗ್ಗುತ್ತದೆಂದು ಹೇಳಲಾಗುವುದಿಲ್ಲ. ಅದು ನರಳುವುದಂತೂ ಖಂಡಿತ. ಎಲ್ಲಿ ಬೀಳುತ್ತದೆಂದು ಗೊತ್ತಿಲ್ಲದ ಗುಂಡನ್ನು ಹಾರಿಸುವ ಹಕ್ಕು ಯಾರಿಗೂ ಇಲ್ಲ.

ಮೊದಲು ಗುರಿ ಹಿಡಿಯುವ ಸೈಟಿನ ಮೇಲೆ ಸಂಶಯಪಟ್ಟೆ. ಮುಂದಿನ ಸೈಟನ್ನು ಒಂದಿಷ್ಟು ಸರಿಸಲು ಹೊರಟವನನ್ನು ತಡೆದವರು ಊರಿನ ಸುಬೇದಾರ್ ಮಾವ. ಸೈನ್ಯದಲ್ಲಿದ್ದು ನಿವೃತ್ತರಾದವರು.

"ಸೈಟು ತಪ್ಪಿದ್ರೆ ಐದೂ ಒಂದೇ ಕಡೆ ತಪ್ಪಿ ಬೀಳ್ತಿತ್ತು ಮಾರಾಯ. ಇದು ಚದುರಿದೆ. ನಳಿಗೆ ನೋಡಿದ್ಯಾ?"

ನೋಡಿರಲಿಲ್ಲ. ಲೋಕಸಭಾ ಚುನಾವಣೆಗೆಂದು ಮಾರ್ಚಿಯಲ್ಲಿ ಕೋವಿಯನ್ನು ಠೇವಣಿ ಇಡಬೇಕಾಗಿತ್ತು. ಅದಕ್ಕೆ ಎರಡು ದಿನ ಮೊದಲಷ್ಟೇ ಈಡು ಹೊಡೆದಿದ್ದೆ. ಅವಸರದಲ್ಲಿ ಹೊರಗಷ್ಟೇ ಒರೆಸಿ ಕೊಟ್ಟುಬಂದಿದ್ದೆ. ಆ ವರ್ಷ ಮೇ 30ಕ್ಕೇ ಮಳೆಗಾಲ ಶುರುವಾಗಿತ್ತು. ಫಲಿತಾಂಶ ಬಂದದ್ದು ಜೂನ್ 4ಕ್ಕೆ, ಕೋವಿ ಕೈಗೆ ಸಿಕ್ಕಿದ್ದು ಅದರ ಮುಂದಿನ ವಾರ. ಸುಟ್ಟ ಮದ್ದಿನ ಮಸಿ ಮೂರು ತಿಂಗಳು ನಳಿಗೆಯೊಳಗೇ ಕೂತಿತ್ತು. ತಪ್ಪು ನನ್ನದೇ.

ತೋಟೆ ತುಂಬುವ ಮ್ಯಾಗಜೀನ್ ತೆಗೆದು, ನಳಿಗೆಯ ಹಿಂತುದಿಯ ಚೇಂಬರಿನಲ್ಲಿ ತೋಟೆ ಇಲ್ಲವೆಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಾತ್ರಿ ಮಾಡಿಕೊಂಡೆ. ಚೇಂಬರನ್ನು ಹಿಂದಿನಿಂದ ಮುಚ್ಚುವ ಉಕ್ಕಿನ ತುಂಡೇ ಬೋಲ್ಟು; ಈ ಕೋವಿಯಲ್ಲಿ ಅದನ್ನು ಪೂರ್ತಿ ಹಿಂದಕ್ಕೆಳೆದು ಅದರ ತಲೆಯನ್ನು ಮೇಲಕ್ಕೆ ತಿರುಗಿಸಿದರೆ ಇಡೀ ಬೋಲ್ಟು ಹೊರಗೆ ಬರುತ್ತದೆ. ಹಿಂದಿನಿಂದ ಟಾರ್ಚು ಬಿಟ್ಟು ನೋಡಿದೆ. ನಳಿಗೆಯೊಳಗೆ ಕೊರೆದ ಸುರುಳಿ ಗೆರೆಗಳ ಅಂಚು ಮಸುಕಾಗಿತ್ತು. ಗುಂಡು ಹೊರಬೀಳುವ ಬಾಯಿಯ ಹತ್ತಿರ ಕೆಂಪು ಹೊನ್ನಿನ ಬಣ್ಣದ ಪಟ್ಟೆಗಳು. ಗುಂಡಿನ ಹೊದಿಕೆಯ ತಾಮ್ರ ಬಿಸಿಗೂ ಒತ್ತಡಕ್ಕೂ ಉಕ್ಕಿಗೆ ಮೆತ್ತಿಕೊಂಡದ್ದು ಅದು. ಗೆರೆಗಳು ಗುಂಡನ್ನು ಹಿಡಿದು ತಿರುಗಿಸಿದರೆ ಮಾತ್ರ ಅದು ನೆಟ್ಟಗೆ ಹೋಗುತ್ತದೆ. ಮೆತ್ತಿದ ತಾಮ್ರ ಒಂದೊಂದು ಗುಂಡನ್ನು ಒಂದೊಂದು ರೀತಿ ಉಜ್ಜಿ ಬಿಡುತ್ತದೆ.

ಅಪ್ಪ ಬಾಯಿಯ ಕಡೆಯಿಂದ ಕಬ್ಬಿಣದ ಸರಳು ತುರುಕಿ ಒರೆಸುತ್ತಿದ್ದರು. ಹಾಗೆ ಮಾಡಬಾರದು. ಗುಂಡು ಕೊನೆಯದಾಗಿ ಬಿಟ್ಟುಹೋಗುವುದು ಬಾಯಿಯ ಅಂಚನ್ನು. ಅದು ಒಂದು ಕಡೆ ಸವೆದರೂ ಗುರಿ ಕೆಡುತ್ತದೆ. ನಾನು ತುಂಡು ಜೋಡಿಸದ ಒಂದೇ ಉದ್ದದ ಸರಳನ್ನು ಹಿಂದಿನಿಂದಲೇ ಹಾಕಿದೆ. ಹಳೇ ಪಂಚೆಯನ್ನು ಚೌಕ ಚೌಕವಾಗಿ ಕತ್ತರಿಸಿ ಬಟ್ಟೆತುಂಡುಗಳ ರಾಶಿ ಮಾಡಿಟ್ಟುಕೊಂಡೆ.

ಮೊದಲ ದಿನ ಮಸಿ ತೆಗೆಯುವ ದ್ರಾವಣ. ಕಪ್ಪಿನ ಜೊತೆ ಅಂಟಂಟಾದ ಕಂದು ಬಣ್ಣವೂ ಬಂತು. ಅಪ್ಪ ವರ್ಷಗಟ್ಟಲೆ ಸವರಿದ ತೆಂಗಿನೆಣ್ಣೆ ಗಟ್ಟಿಯಾಗಿ ಅಲ್ಲೇ ಕೂತಿತ್ತು. ಆಮೇಲೆ ಇಟ್ಟಿಗೆ ಬಣ್ಣ ಕಂಡಿತು. ಅದು ತುಕ್ಕು. ಕಂಚಿನ ಬ್ರಶ್ಶನ್ನು ಮೆಲ್ಲನೆ ದೂಡಿದೆ. ಬಾಯಿಯಿಂದ ಪೂರ್ತಿ ಹೊರಬರದೆ ಹಿಂದಕ್ಕೆಳೆಯಲಿಲ್ಲ, ನಡುವೆ ತಿರುಗಿಸಿದರೆ ಎಳೆಗಳು ಮುರಿಯುತ್ತವೆ.

ಎರಡನೆಯ ದಿನ ತಾಮ್ರದ್ದು. ಆ ದ್ರಾವಣದಲ್ಲಿ ಅಮೋನಿಯಾ ಇರುತ್ತದೆ, ಹಟ್ಟಿಯ ಹಳೇ ಗಂಜಳದ ಘಾಟು. ಕೋಣೆಯೊಳಗೆ ಬೇಡವೆಂದು ಜಗಲಿಯಲ್ಲಿ ಕೂತೆ. ದ್ರಾವಣದಲ್ಲಿ ತೋಯಿಸಿದ ಬಟ್ಟೆ ದಾಟಿಸಿ, ಸೀಸೆಯ ಮೇಲೆ ಬರೆದಂತೆ 15 ನಿಮಿಷ ಕಾದು, ಒಣಬಟ್ಟೆ ಹಾಕಿದರೆ ಕಡುನೀಲಿ! ಮೈಲುತುತ್ತಿನದೇ ನೀಲಿ. ಅಡಿಕೆಗೆ ಮದ್ದು ಬಿಡುವವರಿಗೆ ಈ ಬಣ್ಣ ಹೊಸದಲ್ಲ. ಮೈಲುತುತ್ತಿನಲ್ಲಿರುವುದೂ ತಾಮ್ರವೇ; ಅದಕ್ಕೆ ಸುಣ್ಣ ಬೆರೆಸಿದ ಬೋರ್ಡೋ ದ್ರಾವಣಕ್ಕೆ ಸುಣ್ಣ ಸಾಲದಿದ್ದರೆ ಅದ್ದಿದ ಕತ್ತಿಯ ಮೇಲೆ ತಾಮ್ರ ಕೆಂಪಗೆ ಕೂರುತ್ತದಲ್ಲ, ಕಬ್ಬಿಣದ ಮೇಲೆ ಕೂತ ಆ ತಾಮ್ರದ ನೆನಪೇ ನನಗೆ ಬಂದದ್ದು. ಕೂರುವ ರೀತಿ ಬೇರೆ, ಕೂತದ್ದು ಅದೇ ತಾಮ್ರ.

ಕಾದೆ, ಒರೆಸಿದೆ, ಮತ್ತೆ ತೋಯಿಸಿದೆ. ಮೂರನೆಯ ದಿನವೂ ನೀಲಿ ನಿಲ್ಲಲಿಲ್ಲ. ಟಾರ್ಚು ಬಿಟ್ಟರೆ ನಳಿಗೆಯಲ್ಲಿ ಕೆಂಪು ಪಟ್ಟೆಯೇ ಇಲ್ಲ, ಬಟ್ಟೆಯಲ್ಲಿ ಮಾತ್ರ ನೀಲಿ. ಒಂದು ಇಡೀ ಸಂಜೆ ಅದರ ಬೆನ್ನು ಹತ್ತಿದೆ. ದ್ರಾವಣವನ್ನು ರಾತ್ರಿಯಿಡೀ ಒಳಗೆ ಬಿಟ್ಟುಬಿಡಲೇ ಎಂದೂ ಅನ್ನಿಸಿತು. ಬಿಡದಿದ್ದದ್ದು ಒಳ್ಳೆಯದಾಯಿತು, ಹೆಚ್ಚು ಹೊತ್ತು ನಿಂತರೆ ಅದು ಉಕ್ಕಿಗೂ ಕೇಡು. ಸುಬೇದಾರ್ ಮಾವ ಬಂದು ಸರಳಿನ ತುದಿಯನ್ನು ಬೆರಳಿನಲ್ಲಿ ಮುಟ್ಟಿ ಕೇಳಿದರು: "ಇದು ಹಿತ್ತಾಳೆ ಅಲ್ವಾ?"

ಹೌದು. ಬಟ್ಟೆ ಸಿಕ್ಕಿಸುವ ತುದಿ ಹಿತ್ತಾಳೆ, ಬ್ರಶ್ಶು ಕಂಚು. ಎರಡರಲ್ಲೂ ತಾಮ್ರವಿದೆ. ದ್ರಾವಣ ನಳಿಗೆಯನ್ನು ಬಿಟ್ಟು ನನ್ನ ಸಾಮಾನನ್ನೇ ತಿನ್ನುತ್ತಿತ್ತು. ನೈಲಾನ್ ಬ್ರಶ್ಶಿಗೆ ಬಟ್ಟೆ ಸುತ್ತಿ ಹಾಕಿದಾಗ ಮೂರನೆಯ ಬಟ್ಟೆಗೇ ಬಿಳಿ ಬಂತು. ತಾಮ್ರದ ದ್ರಾವಣ ಬಳಸುವವರಿಗೆ ನಾನು ಮೊದಲು ಹೇಳುವುದು ಇದನ್ನೇ.

ಸೈನ್ಯದಲ್ಲಿ ಹಿಂದೆ ನಳಿಗೆಗೆ ಕುದಿನೀರು ಹೊಯ್ಯುತ್ತಿದ್ದ ಕಾರಣವನ್ನೂ ಅವರೇ ಹೇಳಿದರು. ಹಳೇ ತೋಟೆಗಳಲ್ಲಿ ಮದ್ದಿಗೆ ಕಿಡಿ ಕೊಡುವ ಕ್ಯಾಪಿನಲ್ಲಿದ್ದ ಪೊಟ್ಯಾಸಿಯಂ ಕ್ಲೋರೇಟ್ ಸುಟ್ಟ ಮೇಲೆ ಉಪ್ಪಾಗಿ ಉಳಿಯುತ್ತಿತ್ತು. ಆಟಿ ತಿಂಗಳ ಮಳೆಯಲ್ಲಿ ಉಪ್ಪಿನ ಭರಣಿ ನೀರೊಡೆಯುವ ಹಾಗೆ ಅದು ತೇವ ಎಳೆದು ತುಕ್ಕು ಹಿಡಿಸುತ್ತಿತ್ತು. ಎಣ್ಣೆಗೆ ಉಪ್ಪು ಕರಗದು, ನೀರಿಗೆ ಕರಗುತ್ತದೆ. ಹೊಯ್ದ ಕೂಡಲೇ ಒಣಗಿಸಿ ಎಣ್ಣೆ ಹಾಕಬೇಕು, ಅಷ್ಟೇ.

ಚೇಂಬರಿನ ಮುಂದೆ ತುಕ್ಕು ಕೊರೆದ ಎರಡು ಮೂರು ಸಣ್ಣ ಗುಳಿಗಳು ಉಳಿದವು. ಉಜ್ಜಿ ಅಳಿಸುವ ಆಸೆಯನ್ನು ಬಿಟ್ಟೆ. ಮರಳುಕಾಗದದಂಥದ್ದು ಹಾಕಿದರೆ ಗೆರೆಯೇ ಸವೆದುಹೋಗುತ್ತಿತ್ತು.

ಮತ್ತೆ ರೇಂಜಿಗೆ ಹೋದಾಗ, ಒಳಗಿನ ಎಣ್ಣೆಯನ್ನು ಒಣಬಟ್ಟೆಯಿಂದ ತೆಗೆದೇ ಹೊಡೆದೆ. ಮೊದಲ ಎರಡು ಈಡು ಮೇಲಕ್ಕೆ ಹೋದವು. ತೊಳೆದ ನಳಿಗೆ ಹದಕ್ಕೆ ಬರಲು ಒಂದೆರಡು ಈಡು ಬೇಕೆಂದು ಗೊತ್ತಿದ್ದರಿಂದ ಸೈಟು ಮುಟ್ಟಲಿಲ್ಲ. ಮುಂದಿನ ಐದು ಎರಡೂವರೆ ಇಂಚಿನೊಳಗೆ ಬಿದ್ದವು. ಆ ಕಾಗದ ಇನ್ನೂ ನನ್ನ ಹತ್ತಿರ ಇದೆ.

ಈಗ ಈಡು ಹೊಡೆದ ದಿನವೇ ಮಸಿ ತೆಗೆಯುತ್ತೇನೆ. ತೆಳ್ಳಗೆ ಕೋವಿಯೆಣ್ಣೆ ಸವರಿ ರಾತ್ರಿ ಬಾಯಿ ಕೆಳಗಾಗಿ ನಿಲ್ಲಿಸುತ್ತೇನೆ, ಎಣ್ಣೆ ಇಳಿದು ಮರದ ಹಿಡಿಗೆ ಸೇರಬಾರದು. ಮಳೆಗಾಲದಲ್ಲಿ ಚೀಲದಲ್ಲಿಡುವುದಿಲ್ಲ, ಬಟ್ಟೆಯ ಒಳಪದರ ತೇವ ಹಿಡಿಯುತ್ತದೆ. ಚುನಾವಣೆಗೆಂದು ಮತ್ತೆ ಠೇವಣಿ ಇಡುವಾಗ ಹಿಂದಿನ ದಿನವೇ ಒರೆಸಿ, ಎಣ್ಣೆ ಹಾಕಿ, ಟ್ರಿಗರ್ ಗಾರ್ಡಿಗೆ ಒಂದು ಚೀಟಿ ಕಟ್ಟುತ್ತೇನೆ. ಮಲಯಾಳದಲ್ಲೂ ಕನ್ನಡದಲ್ಲೂ ಬರೆದಿರುತ್ತೇನೆ: ನಳಿಗೆಯಲ್ಲಿ ಎಣ್ಣೆ ಇದೆ, ಒರೆಸದೆ ಹೊಡೆಯಬಾರದು.